ಕಾಯಿ ಒಡೆದು ನೋಡುವ ಊರಿನಲ್ಲಿ

ಮೊಳಕಾಲ್ಮೂರಿನಲ್ಲಿ ನಮ್ಮ ದೊಡ್ಡಮ್ಮನ ಮನೆಯ ಗುಂಡಿಮಗ್ಗ ನಿಂತು ಹನ್ನೆರಡು ವರ್ಷವಾಯಿತು. ಗುಂಡಿಗೆ ಹಲಗೆ ಮುಚ್ಚಿ ಮೇಲೆ ಚಾಪೆ ಹಾಸಿದ್ದಾರೆ, ಬಂದವರು ಕೂರುವುದು ಅಲ್ಲೇ. ಹೋದ ಬೇಸಿಗೆಯಲ್ಲಿ ಅಲ್ಲಿ ಕೂತಿದ್ದವನು ದೊಡ್ಡಮ್ಮನ ನಾದಿನಿಯ ಅಳಿಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಆ ಬಿಸಿಲಲ್ಲೂ ಕೊರಳಿಗೆ ಟೈ, ಪಕ್ಕದಲ್ಲಿ ಕಪ್ಪು ಬ್ಯಾಗು. ಒಂದು ಗಾಜಿನ ಲೋಟದಲ್ಲಿ ನೀರು ತರಿಸಿಕೊಂಡು, ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣವನ್ನು ನಾಲ್ಕು ಹನಿ ಬಿಟ್ಟ. ನೀರು ಬೆಲ್ಲದ ಪಾನಕದ ಬಣ್ಣಕ್ಕೆ ತಿರುಗಿತು.

"ಅತ್ತೆ, ಇದು ನಿಮ್ಮ ರಕ್ತ ಅಂದ್ಕೊಳ್ಳಿ. ಇಷ್ಟು ವರ್ಷ ಮೈಯಾಗೆ ಸೇರ್ಕೊಂಡಿರೋ ವಿಷ ಎಲ್ಲಾ ಹಿಂಗೇ ಕೂತೈತೆ" ಎಂದ. ಬ್ಯಾಗಿನಿಂದ ಬಾಟಲಿ ತೆಗೆದು ಒಂದು ಚಮಚ ಸುರಿದು ಕಲಕಿದ. ಬಣ್ಣ ಮಾಯ, ನೀರು ಮತ್ತೆ ನೀರಾಯಿತು. ದೊಡ್ಡಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮೂರು ತಿಂಗಳು ಕುಡಿದರೆ ಮಂಡಿ ನೋವು, ಸಕ್ಕರೆ ಕಾಯಿಲೆ, ಥೈರಾಯ್ಡ್, ಎಲ್ಲಕ್ಕೂ ಇದೊಂದೇ ಸಾಕಂತೆ. ಒಂದು ಬಾಟಲಿಗೆ 1,200 ರೂಪಾಯಿ.

ನಾನು ಅಡುಗೆಮನೆಗೆ ಹೋಗಿ ಅರ್ಧ ಹೋಳು ನಿಂಬೆಹಣ್ಣು ತಂದೆ. ಇನ್ನೊಂದು ಲೋಟಕ್ಕೆ ಅವನದೇ ಅಯೋಡಿನ್ ನಾಲ್ಕು ಹನಿ ಬಿಡಿಸಿ ನಿಂಬೆ ಹಿಂಡಿದೆ. ಅದರ ಬಣ್ಣವೂ ಹೋಯಿತು. ಇದರಲ್ಲಿ ಪವಾಡವೇನಿಲ್ಲ. ಸಿ ಜೀವಸತ್ವವು ಅಯೋಡಿನ್ನನ್ನು ಬಣ್ಣವಿಲ್ಲದ ಅಯೊಡೈಡ್ ಮಾಡಿಬಿಡುತ್ತದೆ. ಹಣ್ಣಿನ ರಸದಲ್ಲಿ ಸಿ ಜೀವಸತ್ವ ಎಷ್ಟಿದೆ ಎಂದು ಅಳೆಯಲು ಕಾಲೇಜಿನ ಪ್ರಯೋಗಾಲಯಗಳಲ್ಲಿ ಇದನ್ನೇ ಮಾಡಿಸುತ್ತಾರೆ. ಲೋಟದಲ್ಲಿ ಇದ್ದದ್ದು ರಕ್ತವೂ ಅಲ್ಲ, ವಿಷವೂ ಅಲ್ಲ. ಅವನೇ ಹಾಕಿದ ಬಣ್ಣವನ್ನು ಅವನೇ ತೆಗೆದಿದ್ದ.

ನಾನು ಗೆದ್ದೆ ಅಂದುಕೊಂಡಿದ್ದೆ. ದೊಡ್ಡಮ್ಮ ಎರಡೂ ಲೋಟ ನೋಡಿ, "ಹಂಗಾರೆ ನಿಂಬೆಹಣ್ಣೂ ನನ್ ಮಂಡಿಗೆ ಏನೂ ಮಾಡಾಕಿಲ್ಲ ಅನ್ನು" ಎಂದಳು. ನಾನು ಹೇಳಬೇಕೆಂದಿದ್ದ ಮಾತನ್ನು ನನಗಿಂತ ಚೊಕ್ಕವಾಗಿ ಹೇಳಿದ್ದಳು. ಹೇಳಿ, ಒಳಗೆ ಹೋಗಿ, ಟ್ರಂಕಿನಿಂದ ದುಡ್ಡು ತೆಗೆದು ಎರಡು ಬಾಟಲಿ ಕೊಂಡಳು. ಅಷ್ಟು ಸರಿಯಾಗಿ ಅರ್ಥವಾದ ಮೇಲೂ ಯಾಕೆ ಕೊಂಡಳು ಎನ್ನುವುದು ನನಗೆ ಹೊಳೆಯಲು ಬಹಳ ದಿನ ಹಿಡಿಯಿತು.

ಈ ಸೀಮೆಯ ಜನ ಯಾವುದನ್ನೂ ಪರೀಕ್ಷಿಸದೆ ತೆಗೆದುಕೊಳ್ಳುವವರಲ್ಲ. ಚಳ್ಳಕೆರೆ ಎಣ್ಣೆಯ ಊರು. ಶೇಂಗಾ ಎಣ್ಣೆ ಮಿಲ್ಲುಗಳು ತುಂಬಿದ್ದ ಕಾಲದಲ್ಲಿ ಮುಂಬಯಿ ಬಿಟ್ಟರೆ ನಾವೇ ಎಂದು ಎದೆ ತಟ್ಟಿಕೊಳ್ಳುತ್ತಿದ್ದ ಊರು. ಅಲ್ಲಿನ ಎಪಿಎಂಸಿ ಯಾರ್ಡಿನಲ್ಲಿ ನಿಂತು ನೋಡಿ. ವರ್ತಕ ಚೀಲದ ಬಾಯಲ್ಲಿ ಕಾಣುವ ಕಾಯಿಯನ್ನು ನಂಬುವುದಿಲ್ಲ. ನಡುವಿಗೆ ಕೈ ತೂರಿಸಿ ಒಂದು ಮುಷ್ಟಿ ಈಚೆಗೆ ತೆಗೆಯುತ್ತಾನೆ. ಕಿವಿಯ ಹತ್ತಿರ ಕುಲುಕುತ್ತಾನೆ. ಒಣಗಿದ ಕಾಯಿಯಾದರೆ ಬೀಜ ಗಲಗಲ ಎನ್ನುತ್ತದೆ, ಹಸಿ ಇದ್ದರೆ ಮಾತಾಡುವುದಿಲ್ಲ. ಆಮೇಲೆ ಒಡೆಯುತ್ತಾನೆ. ಬೀಜವೆಷ್ಟು, ಸಿಪ್ಪೆಯೆಷ್ಟು, ಜೊಳ್ಳೆಷ್ಟು, ಮಣ್ಣೆಷ್ಟು. ಕಾಯಿ ತಂದ ರೈತನೂ ಕಡಿಮೆಯಿಲ್ಲ, ಅವನ ಕಣ್ಣು ತಕ್ಕಡಿ ಬಿಟ್ಟು ಕದಲುವುದಿಲ್ಲ. ಇಬ್ಬರಿಗೂ ಬೇಜಾರಿಲ್ಲ. ಕಾಯಿ ಒಡೆದು ನೋಡಿದ್ದಕ್ಕೆ ನನ್ನನ್ನು ಅನುಮಾನಿಸಿದ ಎಂದು ಯಾವ ರೈತನೂ ಮುನಿಸಿಕೊಂಡು ಹೋಗಿಲ್ಲ.

ಮೊಳಕಾಲ್ಮೂರಿಗೆ ಬಂದರೆ ರೇಷ್ಮೆ. ಎಳೆಯೊಂದನ್ನು ಕಿತ್ತು ಬೆಂಕಿಕಡ್ಡಿ ತೋರಿಸುತ್ತಾರೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ. ನೈಲಾನ್, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ನಮ್ಮ ದೊಡ್ಡಮ್ಮ ಕಣ್ಣು ಮುಚ್ಚಿಕೊಂಡು ವಾಸನೆಯಲ್ಲೇ ಹೇಳುತ್ತಾಳೆ. ಒಂದು ಮಂಡಿಯಲ್ಲಿ ಇಷ್ಟು ಹುಷಾರಾಗಿರುವ ನಾವು ಇನ್ನೊಂದು ಮಂಡಿ ನೋಯತೊಡಗಿದ ಕೂಡಲೇ ಮೆತ್ತಗಾಗುತ್ತೇವಲ್ಲ, ಅದು ಯಾಕೆ?

ಒಂದು ಕಾರಣ ಸರಳ. ಕಾಯಿ ಒಡೆದರೆ ಉತ್ತರ ತಕ್ಷಣ ಸಿಗುತ್ತದೆ, ಬಾಟಲಿಗೆ ಆ ಗುಣವಿಲ್ಲ. ಅದರ ಉತ್ತರಕ್ಕೆ ಮೂರು ತಿಂಗಳು, ಆರು ತಿಂಗಳು ಕಾಯಬೇಕು. ಅಷ್ಟರಲ್ಲಿ ಮೈಯಲ್ಲಿ ನೂರೆಂಟು ಏರಿಳಿತ. ಮಂಡಿ ನೋವು ದಿನವೂ ಒಂದೇ ಸಮ ಇರುವುದಿಲ್ಲ. ಹೆಚ್ಚುತ್ತದೆ, ತಗ್ಗುತ್ತದೆ, ಮತ್ತೆ ಹೆಚ್ಚುತ್ತದೆ. ನಾವು ಬಾಟಲಿ ಕೊಳ್ಳುವುದು ನೋವು ತಡೆಯಲಾರದಷ್ಟು ಏರಿದಾಗ. ಅಲ್ಲಿಂದ ಅದು ಬಹುಪಾಲು ಇಳಿಯಲೇಬೇಕು, ಏನೂ ಕುಡಿಯದಿದ್ದರೂ ಇಳಿಯುತ್ತಿತ್ತು. ನಮ್ಮ ಕಡೆ ಮಳೆ ಪೂರ್ತಿ ಕೈಕೊಟ್ಟಾಗ ಕತ್ತೆಗೆ ಮದುವೆ ಮಾಡುತ್ತಾರೆ. ವಾರವೋ ಹದಿನೈದು ದಿನವೋ ಬಿಟ್ಟು ಒಂದು ಹದ ಮಳೆ ಬೀಳುತ್ತದೆ, ಕೀರ್ತಿ ಕತ್ತೆಗೆ. ಮಳೆ ಚೆನ್ನಾಗಿ ಬರುತ್ತಿರುವಾಗ ಯಾರೂ ಕತ್ತೆಯ ಮದುವೆಗೆ ಹೊರಡುವುದಿಲ್ಲ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ 'ನನಗೆ ಗುಣವಾಯಿತು' ಎನ್ನುವ ಅರ್ಧ ಸಾಕ್ಷಿಗಳ ಒಳಮರ್ಮ ತಿಳಿಯುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ನೋವು ಇಳಿದದ್ದು ನಿಜ, ಇಳಿಸಿದವರು ಯಾರು ಎನ್ನುವುದು ಬೇರೆ ಪ್ರಶ್ನೆ.

ಇನ್ನರ್ಧಕ್ಕೆ ಬಾಟಲಿಯ ಜೊತೆ ಕೊಡುವ ಚೀಟಿ ಓದಿ. ಸಕ್ಕರೆ ಬಿಡಿ, ಕರಿದದ್ದು ಬಿಡಿ, ಬೆಳಗ್ಗೆ ಅರ್ಧ ಗಂಟೆ ನಡೆಯಿರಿ, ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ, ರಾತ್ರಿ ಎಂಟರೊಳಗೆ ಊಟ ಮುಗಿಸಿ. ಇಷ್ಟನ್ನು ಮಾಡಿದ ಸಕ್ಕರೆ ಕಾಯಿಲೆಯವರಿಗೆ ರಕ್ತದ ಸಕ್ಕರೆ ಇಳಿಯದೆ ಇದ್ದರೆ ಆಶ್ಚರ್ಯ. ಉತ್ತಿದ್ದು ಎತ್ತು, ಹೆಸರು ಬಂದದ್ದು ಬಾಟಲಿಗೆ. ನೋವು ಇಳಿಯದೆ ಏರಿತೋ, ಅದಕ್ಕೂ ಉತ್ತರ ಸಿದ್ಧವಾಗಿದೆ: "ವಿಷ ಹೊರಗೆ ಹೋಗ್ತಾ ಐತೆ, ಇನ್ನೆರಡು ಬಾಟಲಿ ತಗೊಳ್ಳಿ." ಇಳಿದರೂ ಗೆಲುವು, ಏರಿದರೂ ಗೆಲುವು. ಹಸಿ ಕಾಯಿಯನ್ನೂ ಜೊಳ್ಳು ಕಾಯಿಯನ್ನೂ ಒಣ ಬೀಜದ ಬೆಲೆಗೇ ಕೊಳ್ಳಿ ಎನ್ನುವ ದಲಾಲನನ್ನು ಯಾರ್ಡಿನಲ್ಲಿ ಎಷ್ಟು ಹೊತ್ತು ನಿಲ್ಲಿಸಿಕೊಳ್ಳುತ್ತಾರೆ?

ಕಲ್ಯಾಣ ಮಂಟಪಗಳಲ್ಲಿ ನಡೆಯುವ ಈ ಬಾಟಲಿಯವರ ಸಭೆಗಳಿಗೆ ಒಂದೆರಡು ಸಲ ಹೋಗಿದ್ದೇನೆ. ಒಬ್ಬೊಬ್ಬರಾಗಿ ವೇದಿಕೆ ಹತ್ತಿ ಮೈಕು ಹಿಡಿದು ಗುಣವಾದ ಕತೆ ಹೇಳುತ್ತಾರೆ, ಚಪ್ಪಾಳೆ ಬೀಳುತ್ತದೆ. ಕುಡಿದು ಏನೂ ಆಗದವರು ಆ ಮಂಟಪಕ್ಕೆ ಬಂದಿರುವುದೇ ಇಲ್ಲ. ಬಂದಿದ್ದರೂ ಮೈಕು ಅವರ ಕೈಗೆ ಹೋಗುವುದಿಲ್ಲ. ವೇದಿಕೆ ಎಂದರೆ ಚೀಲದ ಬಾಯಿ. ನಡುವಿಗೆ ಕೈ ಹಾಕುವುದು ಬೇರೆ ವಿದ್ಯೆ, ಅದನ್ನು ಮನುಷ್ಯ ಕಲಿತು ಬಹಳ ಕಾಲವೇನೂ ಆಗಿಲ್ಲ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಸ್ಕರ್ವಿ ಹಿಡಿದ ಹನ್ನೆರಡು ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಒಂದು ಜೋಡಿಗೆ ಸೇಬಿನ ಮದ್ಯ, ಒಂದಕ್ಕೆ ವಿನೆಗರ್, ಒಂದಕ್ಕೆ ಸಮುದ್ರದ ನೀರು, ಹೀಗೆ. ಒಂದು ಜೋಡಿಗೆ ಮಾತ್ರ ಕಿತ್ತಳೆ, ನಿಂಬೆ. ಉಳಿದಂತೆ ಎಲ್ಲರಿಗೂ ಒಂದೇ ಊಟ, ಒಂದೇ ಜಾಗ. ನಿಂಬೆ ತಿಂದ ಜೋಡಿ ಆರೇ ದಿನದಲ್ಲಿ ಚೇತರಿಸಿಕೊಂಡಿತು, ಉಳಿದವರಲ್ಲಿ ಯಾರಿಗೂ ಅಷ್ಟು ಗುಣ ಕಾಣಲಿಲ್ಲ. ನಾನು ಹಿಂಡಿದ ನಿಂಬೆಹಣ್ಣು ದೊಡ್ಡಮ್ಮನ ಮಂಡಿಗೆ ಏನೂ ಮಾಡಲಿಲ್ಲ, ಅದೇ ನಿಂಬೆ ಒಂದು ಕಾಲಕ್ಕೆ ಸಾಯುವವರನ್ನು ಎಬ್ಬಿಸಿ ಕೂರಿಸಿತು. ಯಾವುದು ಯಾವ ಕಾಯಿಲೆಗೆ ಎಂದು ಹೇಳಿದ್ದು ಲಿಂಡನ ಆರು ಜೋಡಿ, ನಿಂಬೆ ಮಾರುವವನ ಬಾಯಿಯಲ್ಲ.

ನಮ್ಮವರಲ್ಲಿ ಇದನ್ನು ಎಲ್ಲರಿಗಿಂತ ಮೋಜಾಗಿ ಹೇಳಿದವರು ಎಚ್. ನರಸಿಂಹಯ್ಯ. 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಪವಾಡಗಳನ್ನು ಪರಿಶೀಲಿಸಲು ಒಂದು ಸಮಿತಿ ಮಾಡಿದರು. ಗಾಳಿಯಿಂದ ಉಂಗುರ ತೆಗೆಯುವವರ ಮುಂದೆ ಅವರು ಇಟ್ಟ ಬೇಡಿಕೆ ಕುಂಬಳಕಾಯಿ. ಉಂಗುರ ತೋಳಿನೊಳಗೆ ಅಡಗುತ್ತದೆ, ಕುಂಬಳಕಾಯಿ ಅಡಗುವುದಿಲ್ಲ. ಗೌರಿಬಿದನೂರು ಸೀಮೆಯ ಹೊಸೂರಿನಿಂದ ಬಂದ, ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಈ ಮೇಷ್ಟ್ರು ದೊಡ್ಡ ಸಿದ್ಧಾಂತ ಹೇಳದೆ ಹಿತ್ತಲ ಕಾಯಿಯೊಂದನ್ನು ಕೇಳಿದರು. ಅದ್ಭುತ ಪಾನೀಯದವರನ್ನು ನಾವು ಕೇಳಬೇಕಾದ ಕುಂಬಳಕಾಯಿ ಹೀಗಿರಬಹುದು: ಇನ್ನೂರು ಜನ ಮಂಡಿ ನೋವಿನವರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ನಿಮ್ಮ ರಸ, ಇನ್ನೊಂದಕ್ಕೆ ಅದೇ ಬಣ್ಣದ ಅದೇ ರುಚಿಯ ಬರೀ ಪಾನಕ. ಯಾರಿಗೆ ಯಾವುದು ಸಿಕ್ಕಿದೆ ಎಂದು ಕುಡಿದವರಿಗೂ ಗೊತ್ತಿರಬಾರದು, ಮಂಡಿ ನೋಡುವವರಿಗೂ ಗೊತ್ತಿರಬಾರದು. ಆರು ತಿಂಗಳ ಮೇಲೆ ಎರಡೂ ಪಾಲಿನ ಲೆಕ್ಕ ಒಟ್ಟಿಗೆ ಬಿಚ್ಚಬೇಕು, ನಡುವೆ ಬಿಟ್ಟು ಹೋದವರನ್ನೂ ಸೇರಿಸಿ. ಆ ಲೆಕ್ಕ ಎಲ್ಲಿ ಎಂದು ನಾದಿನಿಯ ಅಳಿಯನನ್ನು ಕೇಳಿದೆ. ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ವೇದಿಕೆ, ಮೈಕು, ಚಪ್ಪಾಳೆ.

ಚಳ್ಳಕೆರೆಯಲ್ಲಿ ಸ್ನೇಹಿತನ ಅಂಗಡಿಯಲ್ಲಿ ಕಂಡದ್ದು ಇನ್ನೂ ಕೈಚಳಕದ ಆಟ. ಕ್ಷಾರೀಯ ನೀರಿನ ಯಂತ್ರ ಮಾರುವವನು ಬಂದಿದ್ದ. ಲಕ್ಷ ದಾಟುವ ಯಂತ್ರ. ಒಂದು ಲೋಟದಲ್ಲಿ ನಲ್ಲಿಗೆ ಬರುವ ಕೊಳವೆಬಾವಿ ನೀರು, ಇನ್ನೊಂದರಲ್ಲಿ ಅವನು ತಂದಿದ್ದ ಶುದ್ಧ ನೀರು. ಎರಡಕ್ಕೂ ಜೋಡಿ ಲೋಹದ ಕಡ್ಡಿ ಇಳಿಬಿಟ್ಟು ಕರೆಂಟು ಕೊಟ್ಟ. ಎರಡೇ ನಿಮಿಷದಲ್ಲಿ ನಮ್ಮೂರ ನೀರು ಕೆಸರಿನಂತೆ ಕಂದಾಗಿ ಮೇಲೆ ನೊರೆ ಕಟ್ಟಿತು, ಅವನ ನೀರು ತಿಳಿಯಾಗಿಯೇ ಇತ್ತು. "ನೋಡಿ ಸಾರ್, ಇದನ್ನ ಮಕ್ಕಳಿಗೆ ಕುಡಿಸ್ತಾ ಇದೀರ." ಅಂಗಡಿಯಲ್ಲಿದ್ದವರ ಮುಖ ಇಳಿಯಿತು. ನಾನು ಕೇಳಿಕೊಂಡೆ, ಅವನ ತಿಳಿ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಕರೆಂಟು ಕೊಡಲಿ ಎಂದು. ಒಲ್ಲೆ ಎಂದ. ಸ್ನೇಹಿತನೇ ಉಪ್ಪು ತಂದು ಹಾಕಿದ. ಅದೂ ಕೆಸರಾಯಿತು. ಕೆಸರು ನೀರಿನಲ್ಲಿ ಇರಲಿಲ್ಲ, ಕಡ್ಡಿಯಲ್ಲಿತ್ತು. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಕಬ್ಬಿಣದ ಕಡ್ಡಿ ಕರಗಿ ತುಕ್ಕಾಗುತ್ತದೆ. ಲವಣವಿಲ್ಲದ ನೀರಿನಲ್ಲಿ ವಿದ್ಯುತ್ ಹರಿಯುವುದೇ ಅಪರೂಪ. ಉಪ್ಪು ಹಾಕಿದ ಗಂಜಿಗೆ ಆ ಕಡ್ಡಿ ಇಳಿಬಿಟ್ಟರೂ ಅಷ್ಟೇ.

ಇನ್ನು ರಕ್ತವನ್ನು ಕ್ಷಾರ ಮಾಡುವ ಮಾತು. ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರುತ್ತದೆ. ಅದನ್ನು ಅಲ್ಲೇ ಹಿಡಿದಿಡುವುದು ಶ್ವಾಸಕೋಶ ಮತ್ತು ಮೂತ್ರಪಿಂಡದ ಕೆಲಸ. ಕುಡಿದ ನೀರು ಮೊದಲು ಹೋಗಿ ಬೀಳುವುದು ಹೊಟ್ಟೆಯ ಆಮ್ಲಕ್ಕೆ. ಯಂತ್ರ ಕೊಟ್ಟ ಕ್ಷಾರ ಅಲ್ಲಿಗೇ ಮುಗಿಯಿತು.

ಆದರೆ ಆ ದಿನ ಅಂಗಡಿಯಲ್ಲಿ ನನಗೆ ಸಿಟ್ಟು ಬಂದದ್ದು ಮೋಸಕ್ಕಲ್ಲ. ಮೋಸ ಮಾಡಲು ಅವನು ಆರಿಸಿಕೊಂಡ ಜಾಗಕ್ಕೆ. ಚಳ್ಳಕೆರೆ, ಮೊಳಕಾಲ್ಮೂರು, ಪಕ್ಕದ ಪಾವಗಡದ ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದು ಸುಳ್ಳಲ್ಲ. ಮಳೆ ಕಡಿಮೆ, ಕೆರೆ ತುಂಬುವುದು ಅಪರೂಪ, ಬಾವಿ ಬತ್ತಿ ಕೊಳವೆಬಾವಿ ಆಳಕ್ಕೆ ಹೋದಂತೆ ನೀರು ಗ್ರಾನೈಟ್ ಬಂಡೆಯೊಳಗೆ ಹೆಚ್ಚು ಕಾಲ ನಿಂತು ಫ್ಲೋರೈಡ್ ಹೀರಿಕೊಂಡು ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಪ್ಪುವ ಮಿತಿ. ಬೇರೆ ನೀರು ಇಲ್ಲವೇ ಇಲ್ಲ ಎಂದಾಗ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಬಹಳ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಮಕ್ಕಳ ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಹಳದಿ, ಕಂದು ಗೆರೆ ಹಿಡಿಯುತ್ತದೆ. ಇಂಡಿಯಾದಲ್ಲಿ ಈ ರೋಗವನ್ನು ವೈದ್ಯರು ಮೊದಲು ವಿವರಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದಲ್ಲಿ.

ನಿಜವಾದ ತೊಂದರೆಗೆ ಬಣ್ಣವೇ ಇಲ್ಲ ಎನ್ನುವುದು ಇದರ ಕುಹಕ. ಫ್ಲೋರೈಡ್ ಇರುವ ನೀರು ಸ್ಫಟಿಕದ ಹಾಗೆ ತಿಳಿಯಾಗಿರುತ್ತದೆ, ರುಚಿಯಲ್ಲೂ ಗೊತ್ತಾಗುವುದಿಲ್ಲ. ಕಾಯಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಸಾಂದ್ರವಾಗುತ್ತದೆ. ಎಲುಬಿನಲ್ಲಿ ಕೂತ ಫ್ಲೋರೈಡನ್ನು ಮೂರು ತಿಂಗಳಲ್ಲಿ ತೊಳೆದು ತರುವ ರಸ ಯಾವುದೂ ಇಲ್ಲ. ಇರುವ ದಾರಿ ಬಹಳ ಸಪ್ಪೆಯಾದದ್ದು: ನೀರು ಬದಲಿಸುವುದು, ಹಾಲು ಸೊಪ್ಪು ಕಾಳು ಸರಿಯಾಗಿ ತಿನ್ನುವುದು. ಊರಿನ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಘಟಕ ಕೆಟ್ಟು ನಿಂತಾಗ ರಿಪೇರಿಗೆ ಪಂಚಾಯ್ತಿ ಬಾಗಿಲು ಬಡಿಯಬೇಕು. ಜಲಜೀವನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐದು ಹೆಂಗಸರಿಗೆ ನೀರು ಪರೀಕ್ಷಿಸುವ ಕಿಟ್ ಬಳಸಲು ಕಲಿಸುವ ಏರ್ಪಾಡಿದೆ. ಆ ಕಿಟ್ಟು ಯಾರ ಮನೆಯ ಅಟ್ಟದಲ್ಲಿದೆ ಎಂದು ಕೇಳುವುದು ಕೂಡ ಒಂದು ಆರೋಗ್ಯದ ಕೆಲಸ. ತುಂಗಭದ್ರೆಯ ಹಿನ್ನೀರನ್ನು ಈ ತಾಲ್ಲೂಕುಗಳಿಗೆ ತರುವ ಯೋಜನೆ ಇದೆ, ಅದರ ಬಗ್ಗೆ ಕೇಳುವುದೂ ಅಷ್ಟೇ. ಇವುಗಳಲ್ಲಿ ಯಾವುದಕ್ಕೂ ಟೈ ಕಟ್ಟಿದ ಏಜೆಂಟ್ ಇಲ್ಲ, ಕಮಿಷನ್ ಇಲ್ಲ.

ಕಾನೂನು ಏನೆನ್ನುತ್ತದೆ? ಬೇಕಾದಷ್ಟು ಎನ್ನುತ್ತದೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಬಂದದ್ದು 1954ರಲ್ಲಿ. ಅದರ ಪಟ್ಟಿಯಲ್ಲಿರುವ ರೋಗಗಳನ್ನು ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದೇ ಅಪರಾಧ, ಸಕ್ಕರೆ ಕಾಯಿಲೆಯೂ ಕ್ಯಾನ್ಸರೂ ಆ ಪಟ್ಟಿಯಲ್ಲಿವೆ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ. ಮಾರುವವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ದೊಡ್ಡಮ್ಮನ ಬಾಟಲಿಯ ಹಿಂಬದಿಯಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಹೀಗೆ ಬರೆದಿತ್ತು: ಇದು ಯಾವ ರೋಗವನ್ನೂ ಗುರುತಿಸಲು, ಗುಣಪಡಿಸಲು, ತಡೆಯಲು ಉದ್ದೇಶಿಸಿದ್ದಲ್ಲ. ಪಕ್ಕದಲ್ಲಿ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ. ಆ ಸಂಖ್ಯೆಯನ್ನೇ ತೋರಿಸಿ "ಸರ್ಕಾರನೇ ಒಪ್ಪೈತೆ" ಎನ್ನುತ್ತಾರೆ. ಅದು ಹೇಳುವುದು ಇಷ್ಟೇ, ಇದನ್ನು ಆಹಾರವಾಗಿ ತಯಾರಿಸಲು ಮಾರಲು ಅನುಮತಿ ಇದೆ ಎಂದು. ಸಂತೆಯ ಮಿಕ್ಸ್ಚರ್ ಪೊಟ್ಟಣದ ಮೇಲೂ ಅದೇ ಜಾತಿಯ ಸಂಖ್ಯೆ ಇರುತ್ತದೆ, ಅದನ್ನು ತಿಂದರೆ ಮಂಡಿ ಸರಿಹೋಗುತ್ತದೆಂದು ಯಾರೂ ಹೇಳುವುದಿಲ್ಲ. ಆಸೆ ಹುಟ್ಟಿಸುವುದು ಕನ್ನಡದಲ್ಲಿ, ಗಡಿ ದಾಟಿದ ಮನೆಗಳಲ್ಲಿ ತೆಲುಗಿನಲ್ಲಿ, ಬಾಯಿಂದ. ಕೈ ತೊಳೆದುಕೊಳ್ಳುವುದು ಇಂಗ್ಲಿಷಿನಲ್ಲಿ, ಬರಹದಲ್ಲಿ. ಬಾಯಿಮಾತಿಗೆ ರಸೀದಿ ಇಲ್ಲ, ಕೋರ್ಟಿಗೆ ಹೋದರೆ ನಿಲ್ಲುವುದು ಬರಹ.

ಬರಹ ಎಂದಾಗ ಒಂದು ಮಾತು ನೆನಪಾಗುತ್ತದೆ, ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, 1892ರಲ್ಲಿ ಬಿ.ಎಲ್. ರೈಸ್ ಹೊರಜಗತ್ತಿಗೆ ತೋರಿಸಿದ್ದು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆ ಆಜ್ಞೆ ಶುರುವಾಗುವುದೇ ಅವರ ಆರೋಗ್ಯ ವಿಚಾರಿಸಿ ಹಾರೈಸುವ ಮಾತಿನಿಂದ. ಮುಂದೆ ಅದೇ ಬಂಡೆಯಲ್ಲಿ ತಂದೆತಾಯಿಯ ಮಾತು ಕೇಳಬೇಕು, ನಿಜವನ್ನೇ ಹೇಳಬೇಕು ಎಂದಿದೆ. ಆರೋಗ್ಯ ಮತ್ತು ನಿಜ ಒಂದೇ ಬಂಡೆಯ ಮೇಲೆ, ಪ್ರಾಕೃತದಲ್ಲಿ, ಕಾಣುವಷ್ಟು ದೊಡ್ಡ ಅಕ್ಷರದಲ್ಲಿ. ಬಾಟಲಿಯವರು ಒಮ್ಮೆ ಹೋಗಿ ನೋಡಿ ಬರಬಹುದು.

ದೊಡ್ಡ ಕಂಪನಿಗಳೇನೂ ಸಾಚಾ ಅಲ್ಲ. ಹಾಲಿಗೆ ಕಲಸುವ ಚಾಕೊಲೇಟ್ ಪುಡಿಗಳನ್ನು 'ಹೆಲ್ತ್ ಡ್ರಿಂಕ್' ಎಂದು ಕರೆದುಕೊಂಡೇ ನಮ್ಮ ಎರಡು ತಲೆಮಾರು ಬೆಳೆಯಿತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಮಾರಾಟಗಾರರಿಗೆ ಬೋರ್ನ್‌ವಿಟಾ ಮುಂತಾದವನ್ನು ಆ ವಿಭಾಗದಿಂದ ತೆಗೆಯಿರಿ ಎಂದಿತು. ಕಾರಣ, ನಮ್ಮ ಆಹಾರ ಕಾನೂನಿನಲ್ಲಿ 'ಹೆಲ್ತ್ ಡ್ರಿಂಕ್' ಎಂಬ ಪದಾರ್ಥಕ್ಕೆ ವ್ಯಾಖ್ಯೆಯೇ ಇಲ್ಲ. ಇಲ್ಲದ ಜಾತಿಯ ಹೆಸರು ಹೇಳಿಕೊಂಡು ಅವು ಅಷ್ಟು ವರ್ಷ ಪಂಕ್ತಿಯಲ್ಲಿ ಊಟ ಮಾಡಿದ್ದವು.

ಹಾಗಾದರೆ ಕುಡಿದರೆ ಜೀವ ಉಳಿಸುವ ಪಾನೀಯ ಲೋಕದಲ್ಲಿ ಇಲ್ಲವೇ ಇಲ್ಲವೇ? ಇದೆ. ಅನುಮಾನಿಸುವವನು ಇದನ್ನು ಇನ್ನೂ ಜೋರಾಗಿ ಹೇಳಬೇಕು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬನಗಾಂವ್ ಶಿಬಿರಗಳಲ್ಲಿ ಕಾಲರಾದಿಂದ ಸಾಯುತ್ತಿದ್ದರು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಲನಬಿಸ್ ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಯ ಕಡೆಯವರೇ ಲೋಟದಲ್ಲಿ ಹಿಡಿದು ಕುಡಿಸುವಂತೆ ಮಾಡಿದರು. ನೂರಕ್ಕೆ ಮೂವತ್ತರ ಸುಮಾರಿಗಿದ್ದ ಸಾವು 3.6ಕ್ಕೆ ಇಳಿಯಿತು. ಆ ಲೆಕ್ಕವನ್ನು ಬರೆದು ಜಗತ್ತಿನ ಮುಂದಿಟ್ಟರು, ಬೇರೆಯವರು ಬೇರೆ ಕಡೆ ಮಾಡಿ ನೋಡಿದರು, ನಿಂತಿತು. ಇವತ್ತಿನ ಓಆರ್‌ಎಸ್ ಅದರದೇ ತಿದ್ದಿದ ರೂಪ. ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಅಷ್ಟಿಷ್ಟು ಪೊಟ್ಯಾಸಿಯಂ ಕ್ಲೋರೈಡ್, ಸಿಟ್ರೇಟ್. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಪುಕ್ಕಟೆ ಸಿಗುತ್ತದೆ. ಅದು ಎಲ್ಲ ರೋಗಕ್ಕೂ ಮದ್ದು ಎಂದು ಹೇಳಿಕೊಂಡಿಲ್ಲ. ಭೇದಿಯಾಗಿ ನೀರು ಹೋದವರಿಗೆ ನೀರು ತುಂಬುತ್ತದೆ, ಅಷ್ಟೇ. ಅಂಥದ್ದರ ಹೆಸರನ್ನೂ ಬಿಡಲಿಲ್ಲ ನೋಡಿ: ಸಕ್ಕರೆ ನೀರಿನ ಪೆಟ್ಟಿಗೆಗಳ ಮೇಲೆ 'ಓಆರ್‌ಎಸ್' ಎಂದು ಅಚ್ಚು ಹಾಕಿ ಔಷಧದಂಗಡಿಗಳಲ್ಲಿ ವರ್ಷಗಟ್ಟಲೆ ಮಾರಿದರು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಎಂಟು ವರ್ಷದಷ್ಟು ಕಾಲ ಬೆನ್ನು ಬಿಡದೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ನಿಲ್ಲಿಸಿತು. ಭೇದಿಯಾದ ಮಗುವಿಗೆ ಅತಿ ಸಕ್ಕರೆಯ ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ.

"ಕುಡಿದರೆ ನಷ್ಟವೇನು, ಗಿಡಮೂಲಿಕೆ ತಾನೇ?" ಎನ್ನುವ ಮಾತು ಇಲ್ಲಿ ಬಂದೇ ಬರುತ್ತದೆ. 2010ರಲ್ಲಿ ದೆಹಲಿಯ ವಿಜ್ಞಾನಿಯೊಬ್ಬರು ಆರೋಗ್ಯಕ್ಕೆಂದು ಸೋರೆಕಾಯಿ ರಸವನ್ನು ಹಾಗಲಕಾಯಿ ರಸದ ಜೊತೆ ಬೆರೆಸಿ ಕುಡಿದು ತೀರಿಕೊಂಡರು. ಸೋರೆಕಾಯಿ ಕಹಿಯಾಗಿತ್ತು. ಆ ಕಹಿ ಒಂದು ವಿಷ. ಹಾಗಲದ ಕಹಿಯಲ್ಲಿ ಅದು ಗೊತ್ತಾಗಲಿಲ್ಲ. ನಮ್ಮ ಹೆಂಗಸರು ಸೋರೆಕಾಯಿ, ಸೌತೆಕಾಯಿ ಹೆಚ್ಚುವ ಮೊದಲು ತುದಿಯ ಚೂರು ನಾಲಿಗೆಗೆ ಇಟ್ಟು ನೋಡುತ್ತಾರಲ್ಲ, ಅದೂ ಕಾಯಿ ಒಡೆದು ನೋಡುವ ಪೈಕಿಯೇ. ಮೂತ್ರಪಿಂಡ ಸೋತವರಿಗೆ ನೋನಿಯಂಥ ರಸದಲ್ಲಿರುವ ಪೊಟ್ಯಾಸಿಯಂ ಕೂಡ ಅಪಾಯ. ನೋವಿಗೆಂದು ಮಾರುವ ಹೆಸರಿಲ್ಲದ ಪುಡಿ, ಕಷಾಯಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಎರಡೇ ದಿನದಲ್ಲಿ ನೋವು ಮಾಯವಾಗುವುದು, ಎರಡು ತಿಂಗಳಲ್ಲಿ ಮುಖ ಊದುವುದು ಅದರ ಲಕ್ಷಣ. ಎಲ್ಲಕ್ಕಿಂತ ದೊಡ್ಡ ಅಪಾಯ ರಸ ಕುಡಿಯುವುದರಲ್ಲಿಲ್ಲ, ರಸ ಸಿಕ್ಕಿತೆಂದು ಸಕ್ಕರೆ ಕಾಯಿಲೆಯ ಮಾತ್ರೆ ಬಿಡುವುದರಲ್ಲಿದೆ.

ನಮ್ಮ ಹಿರಿಯರೂ ಕುಡಿಯುತ್ತಿದ್ದರು. ರಾಗಿ ಅಂಬಲಿ, ನೀರು ಮಜ್ಜಿಗೆ, ಬೇಸಿಗೆಗೆ ಸೊಗದೆ ಬೇರಿನ ಪಾನಕ. ಹೊಟ್ಟೆ ತಂಪಾಗುತ್ತದೆ ಎನ್ನುತ್ತಿದ್ದರು, ಥೈರಾಯ್ಡ್ ವಾಸಿಯಾಗುತ್ತದೆ ಎನ್ನುತ್ತಿರಲಿಲ್ಲ. ಹಳೆಯದು ಎಂಬ ಕಾರಣಕ್ಕೆ ನಾನು ಅವನ್ನು ಹೊಗಳುತ್ತಿಲ್ಲ. ಅವು ತಮ್ಮ ಅಳತೆ ಮೀರಿ ಮಾತಾಡಲಿಲ್ಲ.

ಒಂದನ್ನು ಒಪ್ಪಿಕೊಳ್ಳಬೇಕು. ಆ ಹುಡುಗ ದೊಡ್ಡಮ್ಮನ ಮುಂದೆ ಎರಡು ಗಂಟೆ ಕೂತಿದ್ದ. ಮಂಡಿಯನ್ನು ಮುಟ್ಟಿ ನೋಡಿದ. ಮೆಟ್ಟಿಲು ಹತ್ತುವಾಗಲೋ ಇಳಿಯುವಾಗಲೋ, ನೆಲಕ್ಕೆ ಕೂತರೆ ಏಳಲು ಎಷ್ಟು ಹೊತ್ತು ಎಂದೆಲ್ಲ ಕೇಳಿದ. ನಲವತ್ತು ವರ್ಷ ಗುಂಡಿಯಲ್ಲಿ ಕಾಲಿಟ್ಟು ಮಗ್ಗ ತುಳಿದವಳನ್ನು ಅಷ್ಟು ವಿಚಾರಿಸಿದವರು ಯಾರೂ ಇರಲಿಲ್ಲ. ನಾನು ಒಮ್ಮೆ ಕರೆದುಕೊಂಡು ಹೋಗಿದ್ದ ಆಸ್ಪತ್ರೆಯಲ್ಲಿ ಸರದಿಗೆ ಅರ್ಧ ದಿನ ಕಾದು ಒಳಗೆ ಇದ್ದದ್ದು ಎರಡು ನಿಮಿಷ. ವೈದ್ಯರು ಎಕ್ಸ್-ರೇ ನೋಡಿದರು, ಮಂಡಿ ನೋಡಲಿಲ್ಲ. ಬಾಟಲಿಯವರ ವ್ಯಾಪಾರ ನಡೆಯುವುದು ಈ ಎರಡು ನಿಮಿಷ ಮತ್ತು ಆ ಎರಡು ಗಂಟೆಯ ನಡುವಿನ ಜಾಗದಲ್ಲಿ. ಅಲ್ಲಿ ನಿಂತು ಅಯೋಡಿನ್ನಿನ ರಸಾಯನಶಾಸ್ತ್ರ ಹೇಳಿದ ನನ್ನ ಮಾತು ಸರಿಯಾಗಿತ್ತು, ಸಾಲದಾಗಿತ್ತು.

ಶ್ರಾವಣದಲ್ಲಿ ಮತ್ತೆ ಹೋದಾಗ ದೊಡ್ಡಮ್ಮ ಮುಯ್ಯಿ ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟಳು, ಒಂದು ಮದುವೆಗೆ ಎಷ್ಟು ಓದಿಸಬೇಕು ನೋಡಿ ಹೇಳು ಎಂದು. ಯಾರ ಮನೆಯ ಮದುವೆಗೆ ಯಾರು ಎಷ್ಟು ಓದಿಸಿದರು ಎಂದು ಮೂವತ್ತು ವರ್ಷದ ಲೆಕ್ಕವಿರುವ ಉದ್ದನೆಯ ಪುಸ್ತಕ. ಪುಟ ತಿರುಗಿಸುವಾಗ ನಾದಿನಿಯ ಮನೆಯ ಹೆಸರಿನ ಕೆಳಗೆ, ಸೀರೆ, ಕುಬಸ, ಬೆಳ್ಳಿ ಲೋಟಗಳ ಸಾಲಿನ ಕೊನೆಗೆ, ಕಾಣಿಸಿತು: ಎರಡು ಬಾಟಲಿ, 2,400.

"ಇದು ಮುಯ್ಯಾ?" ಎಂದೆ.

"ಮತ್ತೇನೋ? ನಮ್ ಹುಡುಗಿ ಬಾಣಂತನಕ್ಕೆ ಅವ್ಳೇ ಅಲ್ವಾ ಬಂದು ಮೂರ್ ತಿಂಗ್ಳು ನಿಂತಿದ್ದು. ಅವಳ ಅಳಿಯ ಬಾಗಿಲಿಗೆ ಬಂದು ಕೇಳಿದ್ರೆ ಇಲ್ಲ ಅಂತೀನಾ?"

ಗೂಡಿನಲ್ಲಿ ಒಂದು ಬಾಟಲಿ ಸೀಲು ಒಡೆಯದೆ ಕೂತಿತ್ತು. ಇನ್ನೊಂದರಲ್ಲಿ ಹೊಂಬಣ್ಣದ್ದೇನೋ ಅರ್ಧ ಇತ್ತು. ಅರ್ಧ ಕುಡಿದೆಯಾ ಎಂದು ಕೇಳಿದೆ.

"ಅಯ್ಯೋ, ಅದನ್ನ ಅವತ್ತೇ ಚೆಲ್ಲಿ ತೊಳೆದಿಟ್ಟೆ. ಗಾಜು ಗಟ್ಟಿ ಐತೆ. ಚಳ್ಳಕೆರೆ ಎಣ್ಣೆ ಹಾಕಿಟ್ಕಂಡಿದೀನಿ, ರಾತ್ರಿ ಬಿಸಿ ಮಾಡಿ ಮಂಡಿಗೆ ತಿಕ್ಕಣಾಕೆ."

"ಕಡಿಮೆ ಆಗೈತಾ?"

"ತಿಕ್ಕುವಾಗ ಹಾಯಾಗಿರ್ತೈತೆ. ಆಮೇಲೆ ಇದ್ದಂಗೇ."